ಯಂತ್ರ ತೆಗೆದಿಟ್ಟ ಮೇಲೆ ಉಳಿಯುವ ಕಲಿಕೆ

2023ರ ಕೊನೆಯ ತಿಂಗಳುಗಳಲ್ಲಿ ಟರ್ಕಿಯ ಒಂದು ಪ್ರೌಢಶಾಲೆಯ ಗಣಿತ ತರಗತಿಗಳಲ್ಲಿ ಒಂದು ಪ್ರಯೋಗ ನಡೆಯಿತು. ನಡೆಸಿದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹಂಸಾ ಬಸ್ತಾನಿ ಮತ್ತು ಸಂಗಡಿಗರು. ಪಾಲ್ಗೊಂಡವರು 9ರಿಂದ 11ನೇ ತರಗತಿಯವರೆಗಿನ ಸುಮಾರು ಸಾವಿರ ಮಕ್ಕಳು. ಒಂದೊಂದು ಅವಧಿಯೂ 90 ನಿಮಿಷದ್ದು. ಮೊದಲು ಶಿಕ್ಷಕರು ಎಂದಿನಂತೆ ಪಾಠ ಮಾಡುತ್ತಿದ್ದರು. ಆಮೇಲೆ ಮಕ್ಕಳು ಲೆಕ್ಕ ಬಿಡಿಸಿ ಅಭ್ಯಾಸ ಮಾಡುತ್ತಿದ್ದರು. ಕೊನೆಗೆ ಪುಸ್ತಕ, ಕಂಪ್ಯೂಟರ್ ಎಲ್ಲವನ್ನೂ ಮುಚ್ಚಿಟ್ಟು ಒಂದು ಪರೀಕ್ಷೆ. ತರಗತಿಗಳ ನಡುವೆ ವ್ಯತ್ಯಾಸ ಇದ್ದದ್ದು ಅಭ್ಯಾಸದ ಹೊತ್ತಿನಲ್ಲಿ ಮಾತ್ರ. ಮೊದಲ ಗುಂಪಿಗೆ ಪುಸ್ತಕ ಮತ್ತು ಟಿಪ್ಪಣಿಗಳಷ್ಟೇ ಇದ್ದವು. ಎರಡನೇ ಗುಂಪಿಗೆ ಚಾಟ್‌ಜಿಪಿಟಿಯಂಥದೇ ಒಂದು ಸಹಾಯಕ ಇತ್ತು. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿತ್ತು. ಮೂರನೇ ಗುಂಪಿನ ಸಹಾಯಕನಿಗೆ ಶಿಕ್ಷಕರ ನೆರವಿನಿಂದ ಮೊದಲೇ ಕಡಿವಾಣ ಹಾಕಲಾಗಿತ್ತು: ಉತ್ತರ ಹೇಳಬಾರದು, ಮಗು ಎಲ್ಲಿ ಎಡವಿದೆಯೋ ಅಲ್ಲಿಗೆ ತಕ್ಕ ಸುಳಿವು ಮಾತ್ರ ಕೊಡಬೇಕು.

ಅಭ್ಯಾಸದ ಹೊತ್ತಿನ ಅಂಕಗಳನ್ನು ಮಾತ್ರ ನೋಡಿದವರಿಗೆ ಇದೊಂದು ದೊಡ್ಡ ಗೆಲುವಾಗಿ ಕಾಣುತ್ತದೆ. ಕೇಳಿದ್ದಕ್ಕೆಲ್ಲ ಉತ್ತರ ಪಡೆದ ಮಕ್ಕಳು ಪುಸ್ತಕದ ಗುಂಪಿಗಿಂತ ಶೇ 48ರಷ್ಟು ಹೆಚ್ಚು ಅಂಕ ಪಡೆದರು. ಸುಳಿವು ಪಡೆದವರು ಶೇ 127ರಷ್ಟು ಹೆಚ್ಚು. ಆಮೇಲೆ ಯಂತ್ರ ತೆಗೆದಿಟ್ಟು ಪರೀಕ್ಷೆ ಮಾಡಿದರು. ಉತ್ತರ ಪಡೆದು ಅಭ್ಯಾಸ ಮಾಡಿದ್ದ ಮಕ್ಕಳು ಈಗ ಪುಸ್ತಕದ ಗುಂಪಿಗಿಂತ ಶೇ 17ರಷ್ಟು ಕೆಳಗಿದ್ದರು. ಸುಳಿವಿನ ಗುಂಪು ಹೆಚ್ಚುಕಡಿಮೆ ಪುಸ್ತಕದ ಗುಂಪಿನ ಮಟ್ಟದಲ್ಲೇ ನಿಂತಿತು. ಶೇ 127ರ ಆ ಏರಿಕೆಯಲ್ಲಿ ಮಗುವಿನ ತಲೆಯೊಳಗೆ ಹೆಚ್ಚುವರಿಯಾಗಿ ಉಳಿದದ್ದು ಏನೂ ಇರಲಿಲ್ಲ.

ಈ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ಒಂದು ಅಂಶ. ಹಿಂದೆ ಬಿದ್ದ ಮಕ್ಕಳಿಗೆ ತಾವು ಹಿಂದೆ ಬಿದ್ದದ್ದು ಗೊತ್ತೇ ಆಗಿರಲಿಲ್ಲ. ಚೆನ್ನಾಗಿ ಕಲಿತಿದ್ದೇವೆ ಎಂದೇ ಅವರು ನಂಬಿದ್ದರು. ಸಾಲದ್ದಕ್ಕೆ, ಆ ಸಹಾಯಕ ಕೊಟ್ಟ ಉತ್ತರಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಸರಿಯಾಗಿದ್ದವು. ತಪ್ಪು ಉತ್ತರವನ್ನೂ ಅದು ಸರಿ ಉತ್ತರದಷ್ಟೇ ನಯವಾಗಿ, ಹಂತಹಂತವಾಗಿ ಬಿಡಿಸಿ ತೋರಿಸುತ್ತಿತ್ತು.

ಕಲಿಕೆಯ ಮನೋವಿಜ್ಞಾನ ಬಲ್ಲವರಿಗೆ ಇದು ಅಚ್ಚರಿಯ ಫಲಿತಾಂಶವಲ್ಲ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಇಬ್ಬರು ವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಓದಲು ಕೊಟ್ಟರು. ಕೆಲವರು ಅದನ್ನೇ ಮತ್ತೊಮ್ಮೆ ಓದಿದರು. ಉಳಿದವರು ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಲೆಕ್ಕ ತಿರುಗಿಬಿದ್ದಿತ್ತು. ಎರಡು ಸಲ ಓದಿದವರಿಗೆ ಶೇ 42ರಷ್ಟು ನೆನಪಿತ್ತು, ತಡಕಾಡಿ ನೆನಪಿಸಿಕೊಂಡು ಬರೆದಿದ್ದವರಿಗೆ ಶೇ 56ರಷ್ಟು. ನೆನಪಿನಾಳದಿಂದ ಒಂದು ವಿಷಯವನ್ನು ಎಳೆದು ತರುವ ಆ ಪ್ರಯಾಸವೇ ನೆನಪನ್ನು ಗಟ್ಟಿ ಮಾಡುತ್ತದೆ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಬ್ಯೋರ್ಕ್ ಇಂಥ ಪ್ರಯಾಸಗಳನ್ನು ಕಲಿಕೆಗೆ ಬೇಕಾದ ಕಷ್ಟಗಳು ಎಂದು ಕರೆದರು. ಮಗು ಲೆಕ್ಕದ ಮುಂದೆ ಪೆನ್ಸಿಲ್ ಕಚ್ಚುತ್ತ ಕೂತಿರುವ ಹತ್ತು ನಿಮಿಷ ನೋಡುವವರಿಗೆ ವ್ಯರ್ಥವಾಗಿ ಕಾಣಬಹುದು. ಕಲಿಕೆ ನಡೆಯುವುದು ಆ ಹತ್ತು ನಿಮಿಷದಲ್ಲೇ. ಈಜು ಕಲಿಯಲು ಬಂದವರನ್ನು ದೋಣಿಯಲ್ಲಿ ಕೂರಿಸಿ ಆಚೆ ದಡಕ್ಕೆ ಬಿಟ್ಟರೆ ಹೊಳೆ ದಾಟಿದ್ದು ನಿಜ, ಈಜು ಬಂದಿರುವುದಿಲ್ಲ.

ಈ ಅಧ್ಯಾಯದ ಉದ್ದಕ್ಕೂ ನಾನು ಹಿಡಿದುಕೊಳ್ಳುವ ಅಳತೆಗೋಲು ಇದೊಂದೇ. ಯಂತ್ರ ಎದುರಿಗಿದ್ದಾಗ ಮಗು ಏನು ಮಾಡಿತು ಎಂಬುದಲ್ಲ, ತೆಗೆದಿಟ್ಟ ಮೇಲೆ ಏನು ಉಳಿಯಿತು ಎಂದು ನೋಡಬೇಕು. ಶಿಕ್ಷಣದಲ್ಲಿ ಎಐ, ಅಂದರೆ ಕೃತಕ ಬುದ್ಧಿಮತ್ತೆಯ ಕ್ರಾಂತಿಯ ಬಗ್ಗೆ ಇಂದು ಕೇಳಿಬರುವ ಘೋಷಣೆಗಳಲ್ಲಿ ಬಹುಪಾಲು ಈ ಅಳತೆಗೋಲಿನ ಹತ್ತಿರಕ್ಕೇ ಬರುವುದಿಲ್ಲ. ಎಷ್ಟು ಲಕ್ಷ ಮಕ್ಕಳು ಬಳಸಿದರು, ಎಷ್ಟು ಪ್ರಶ್ನೆ ಕೇಳಿದರು, ಎಷ್ಟು ಬೇಗ ಉತ್ತರ ಸಿಕ್ಕಿತು ಎಂದು ಅವು ಹೇಳುತ್ತವೆ. ಮಗು ಕಲಿತಿದೆಯೇ ಎಂದು ಹೇಳುವುದಿಲ್ಲ.

ಹಾಗಿದ್ದರೆ ಈ ದೊಡ್ಡ ಭರವಸೆ ಹುಟ್ಟಿದ್ದು ಎಲ್ಲಿಂದ? ಅದರ ಬೇರಿನಲ್ಲಿ ಒಂದು ಪ್ರಬಂಧ ಇದೆ. 1984ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಬೆಂಜಮಿನ್ ಬ್ಲೂಮ್ ಅದನ್ನು ಪ್ರಕಟಿಸಿದರು. ಮಾಮೂಲಿ ತರಗತಿಗೆ ಬದಲಾಗಿ ಒಬ್ಬರೇ ಗುರು ಮಗುವಿನ ಪಕ್ಕದಲ್ಲಿ ಕೂತು ಹೇಳಿಕೊಟ್ಟರೆ, ಆ ಮಗುವಿನ ಸಾಧನೆ ಎರಡು ಮಾನಕ ವಿಚಲನೆಯಷ್ಟು ಮೇಲೇರುತ್ತದೆ ಎಂದು ಅವರು ಬರೆದರು. ಸರಳವಾಗಿ ಹೇಳುವುದಾದರೆ, ನೂರು ಮಕ್ಕಳ ಸಾಲಿನಲ್ಲಿ ನಟ್ಟನಡುವೆ ಇದ್ದ ಮಗು ಮೊದಲ ಎರಡು-ಮೂರು ಸ್ಥಾನಗಳಿಗೆ ಬಂದು ನಿಲ್ಲುತ್ತದೆ. ಪ್ರತಿ ಮಗುವಿಗೂ ಒಬ್ಬ ಗುರುವನ್ನು ಕೊಡಲು ಯಾವ ಸಮಾಜಕ್ಕೂ ಸಾಧ್ಯವಿಲ್ಲ. ಆದ್ದರಿಂದ ಇಷ್ಟೇ ಫಲ ಕೊಡುವ ಅಗ್ಗದ ದಾರಿ ಹುಡುಕಿ ಎಂಬುದು ಬ್ಲೂಮ್ ಒಡ್ಡಿದ ಸವಾಲು. 2023ರಲ್ಲಿ ಅಂತರಜಾಲದಲ್ಲಿ ಉಚಿತ ಪಾಠ ಕೊಡುವ ಖಾನ್ ಅಕಾಡೆಮಿಯ ಸಾಲ್ ಖಾನ್ ಟೆಡ್ ವೇದಿಕೆಯಲ್ಲಿ ನಿಂತು, ಎಐ ಮೂಲಕ ಭೂಮಿಯ ಮೇಲಿನ ಪ್ರತಿ ವಿದ್ಯಾರ್ಥಿಗೂ ಒಬ್ಬ ವೈಯಕ್ತಿಕ ಗುರುವನ್ನು ಕೊಡಬಹುದು ಎಂದಾಗ ಅವರು ನೆನೆದದ್ದು ಇದೇ ಬ್ಲೂಮ್ ಅವರನ್ನು.

ಬ್ಲೂಮ್ ಪ್ರಬಂಧವನ್ನು ಬಿಡಿಸಿ ನೋಡೋಣ. ಅದು ನಿಂತಿರುವುದು ಅವರ ಇಬ್ಬರು ಶಿಷ್ಯರ ಪಿಎಚ್‌ಡಿ ಸಂಶೋಧನೆಗಳ ಮೇಲೆ. ಪಾಠ ನಡೆದದ್ದು ಸುಮಾರು ಮೂರು ವಾರ. ವಿಷಯ ಸಂಭವನೀಯತೆ ಮತ್ತು ನಕ್ಷೆ ಓದುವುದು. ಪರೀಕ್ಷೆ ಆ ಪಾಠಕ್ಕೆಂದೇ ಸಂಶೋಧಕರು ಸಿದ್ಧಪಡಿಸಿದ್ದು. ಗುರುವಿನ ಪಕ್ಕ ಕೂತ ಮಕ್ಕಳಿಗೆ ಪದೇ ಪದೇ ಕಿರುಪರೀಕ್ಷೆ, ತಪ್ಪಿದ್ದನ್ನು ತಿದ್ದುವ ಅವಕಾಶ, ಮುಂದಿನ ಪಾಠಕ್ಕೆ ಹೋಗುವ ಮುನ್ನ ಹೆಚ್ಚಿನ ಮಟ್ಟದ ಪ್ರಭುತ್ವ ಸಾಧಿಸಬೇಕೆಂಬ ನಿಯಮ, ಇವೆಲ್ಲ ಇದ್ದವು. ಮಾಮೂಲಿ ತರಗತಿಯ ಮಕ್ಕಳಿಗೆ ಇವು ಇರಲಿಲ್ಲ. ಅಂದರೆ ಆ ಎರಡು ಮಾನಕ ವಿಚಲನೆಯಲ್ಲಿ ಗುರುವಿನ ಪಾಲೆಷ್ಟು, ಪರೀಕ್ಷೆ ಮತ್ತು ತಿದ್ದುಪಡಿಯ ಪಾಲೆಷ್ಟು ಎಂದು ಬೇರ್ಪಡಿಸಲಾಗದು. 2020ರಲ್ಲಿ ಮೂವರು ಸಂಶೋಧಕರು ಇಂಥ ವೈಯಕ್ತಿಕ ಬೋಧನೆಯ 96 ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಸಿಕ್ಕ ಸರಾಸರಿ ಫಲ 0.37 ಮಾನಕ ವಿಚಲನೆ. ನಡುವೆ ನಿಂತಿದ್ದ ಮಗು ನೂರರಲ್ಲಿ ಹದಿನಾಲ್ಕು ಮಕ್ಕಳನ್ನು ದಾಟಿ ಮುಂದೆ ಹೋಗುತ್ತದೆ. ಶಿಕ್ಷಣ ಸಂಶೋಧನೆಯಲ್ಲಿ ಇದು ಬಹಳ ಒಳ್ಳೆಯ ಫಲವೇ. ಆದರೆ ಮೂಲದಲ್ಲಿ ಹೇಳಿದ್ದಕ್ಕೆ ಹೋಲಿಸಿದರೆ ಐದನೇ ಒಂದು ಭಾಗಕ್ಕೂ ಕಡಿಮೆ, ಅದೂ ಗುರುಸ್ಥಾನದಲ್ಲಿ ಮನುಷ್ಯರು ಇದ್ದಾಗ.

ಯಂತ್ರದಿಂದ ಪ್ರಯೋಜನವೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ದೆಹಲಿಯಲ್ಲಿ ನಡೆದ ಒಂದು ಅಧ್ಯಯನವನ್ನು ಇಲ್ಲಿ ಹೇಳಲೇಬೇಕು. 2015ರಲ್ಲಿ ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್ ಮತ್ತು ಅಲೆಹಾಂದ್ರೊ ಗನಿಮಿಯನ್ ಅವರು ಶಾಲೆಯ ಹೊರಗಿನ ಕಲಿಕಾ ಕೇಂದ್ರಗಳಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶವನ್ನು ಪರೀಕ್ಷಿಸಿದರು. ಪ್ರತಿ ಮಗು ಈಗ ಯಾವ ಮಟ್ಟದಲ್ಲಿದೆ ಎಂದು ಕಂಡುಕೊಂಡು ಅಲ್ಲಿಂದಲೇ ಪಾಠ ಶುರು ಮಾಡುವ ತಂತ್ರಾಂಶ ಅದು. ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದರು. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಮಾನಕ ವಿಚಲನೆಯಷ್ಟು ಪ್ರಗತಿ ಕಂಡಿತು. ಈ ಪ್ರಗತಿಯನ್ನು ಅಳೆದದ್ದು ತಂತ್ರಾಂಶದ ಹೊರಗೆ, ಕಾಗದ ಪೆನ್ಸಿಲ್ಲಿನ ಪರೀಕ್ಷೆಯಲ್ಲಿ. ಶ್ಲಾಘನೀಯ ಸಾಧನೆ. ಆದರೆ ಆ ಕೇಂದ್ರಗಳಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಪ್ರಚಾರಕರು ಅರ್ಧ ಮಾತ್ರ ಹೇಳುತ್ತಾರೆ. ದಿನದ 90 ನಿಮಿಷಗಳಲ್ಲಿ 45 ನಿಮಿಷ ಮಗು ಕಂಪ್ಯೂಟರಿನ ಮುಂದಿತ್ತು. ಉಳಿದ 45 ನಿಮಿಷ ಹನ್ನೆರಡರಿಂದ ಹದಿನೈದು ಮಕ್ಕಳ ಗುಂಪಿಗೆ ಒಬ್ಬ ಬೋಧಕ ಸಹಾಯಕರು ಎದುರು ಕೂತು ಹೇಳಿಕೊಡುತ್ತಿದ್ದರು. ಆ ಮನುಷ್ಯರನ್ನು ಲೆಕ್ಕದಿಂದ ತೆಗೆದುಹಾಕಿ ತಂತ್ರಾಂಶವನ್ನಷ್ಟೇ ಶಾಲೆಗೆ ಮಾರುವುದು ಆ ಅಧ್ಯಯನಕ್ಕೆ ಬಗೆಯುವ ದ್ರೋಹ.

ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯಬೇಕು ಎಂಬುದನ್ನು ಎಐ ಕಂಪನಿಗಳು ತಮ್ಮ ಆವಿಷ್ಕಾರವೆಂಬಂತೆ ಹೇಳುತ್ತವೆ. ನಮ್ಮಲ್ಲಿ 1995ರಲ್ಲೇ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಈ ಕೆಲಸಕ್ಕೆ ಕೈಹಾಕಿದ್ದರು. ಆಂಧ್ರದ ರಿಷಿವ್ಯಾಲಿಯ ಪ್ರಯೋಗ ನೋಡಿಬಂದು, ಯುನಿಸೆಫ್ ನೆರವಿನಿಂದ ಅವರು ಕಟ್ಟಿದ್ದೇ ನಲಿ-ಕಲಿ. ರಟ್ಟಿನ ಕಾರ್ಡುಗಳು, ಕಲಿಕೆಯ ಏಣಿ, ಮೈಲಿಗಲ್ಲುಗಳು. ಒಂದೇ ಕೋಣೆಯಲ್ಲಿ ಬೇರೆಬೇರೆ ತರಗತಿಯ ಮಕ್ಕಳು ತಮ್ಮ ತಮ್ಮ ಮೆಟ್ಟಿಲಿನಲ್ಲಿ ಕೂತು ಕಲಿಯುವ ವ್ಯವಸ್ಥೆ. 2009ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ವಿಸ್ತರಿಸಿತು. ಅದರಲ್ಲಿ ಕೊರತೆಗಳಿವೆ, ಶಿಕ್ಷಕರ ಮೇಲೆ ಹೊರೆ ಹೆಚ್ಚಾದಲ್ಲಿ ಅದು ಸೊರಗುತ್ತದೆ. ಆದರೆ ಅದು ತರಗತಿಯಲ್ಲಿ ನಿಂತು ಪಾಠ ಮಾಡುವವರು ತಮ್ಮ ಅನುಭವದಿಂದ ಕಟ್ಟಿದ್ದು. ಅದಕ್ಕೆ ಚಂದಾ ಕಟ್ಟಬೇಕಾಗಿಲ್ಲ.

ಶಾಲೆಯನ್ನು ಯಂತ್ರ ಬದಲಾಯಿಸಲಿದೆ ಎಂಬ ಮಾತಿಗೆ ನೂರು ವರ್ಷ ದಾಟಿದೆ. 1913ರಲ್ಲಿ ಥಾಮಸ್ ಎಡಿಸನ್ ಇನ್ನು ಶಾಲೆಗಳಲ್ಲಿ ಪುಸ್ತಕ ಬೇಕಾಗದು, ಚಲನಚಿತ್ರವೇ ಸಾಕು, ಹತ್ತು ವರ್ಷದಲ್ಲಿ ಶಾಲಾ ವ್ಯವಸ್ಥೆ ಪೂರ್ತಿ ಬದಲಾಗಲಿದೆ ಎಂದರು. 1950ರ ದಶಕದಲ್ಲಿ ಹಾರ್ವರ್ಡ್‌ನ ಬಿ.ಎಫ್. ಸ್ಕಿನ್ನರ್ ತಮ್ಮ ಬೋಧನಾ ಯಂತ್ರವನ್ನು ತಂದರು. 1966ರಲ್ಲಿ ಸ್ಟ್ಯಾನ್‌ಫರ್ಡ್‌ನ ಪ್ಯಾಟ್ರಿಕ್ ಸಪ್ಪೀಸ್, ಅಲೆಕ್ಸಾಂಡರನಿಗೆ ಅರಿಸ್ಟಾಟಲ್ ಸಿಕ್ಕಂತೆ ಕೋಟ್ಯಂತರ ಮಕ್ಕಳಿಗೆ ಕಂಪ್ಯೂಟರ್ ರೂಪದ ಗುರು ಸಿಗಲಿದ್ದಾನೆ ಎಂದು ಬರೆದರು. ಈ ಶತಮಾನದ ಮೊದಲ ದಶಕದಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಯೋಜನೆ ಬಂತು. ಪೆರು ದೇಶವೊಂದೇ ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿತು. 319 ಗ್ರಾಮೀಣ ಶಾಲೆಗಳಲ್ಲಿ ಅಧ್ಯಯನ ಮಾಡಿ 2012ರಲ್ಲಿ ಹೊರಬಂದ ವರದಿಯ ಪ್ರಕಾರ, ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ಕಾಣುವಂಥ ಬದಲಾವಣೆ ಏನೂ ಆಗಿರಲಿಲ್ಲ. ಎಡಿಸನ್ ಆಗಲಿ ಸಪ್ಪೀಸ್ ಆಗಲಿ ಮೋಸಗಾರರಲ್ಲ, ಮಹಾ ಪ್ರತಿಭಾವಂತರು. ತಮ್ಮ ಯಂತ್ರ ಮಾಡಬಲ್ಲ ಕೆಲಸವನ್ನು ಅವರು ಸರಿಯಾಗಿಯೇ ಕಂಡಿದ್ದರು. ತರಗತಿಯಲ್ಲಿ ನಡೆಯುವ ಕೆಲಸ ಏನು ಎಂಬುದನ್ನು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ.

ಈ ಸಾಲಿನಲ್ಲಿ ನಾನು ಬೇರೆಯಾಗಿಟ್ಟು ಗೌರವಿಸುವ ಒಂದು ಪ್ರಯೋಗವಿದೆ, ಅದು ನಮ್ಮ ನೆಲದ್ದು. 1975ರ ಆಗಸ್ಟ್ 1ರಂದು ಇಸ್ರೋ ಸಂಸ್ಥೆ ಸೈಟ್ ಎಂಬ ಉಪಗ್ರಹ ದೂರದರ್ಶನ ಪ್ರಯೋಗವನ್ನು ಆರಂಭಿಸಿತು. ಉಪಗ್ರಹ ನಾಸಾದಿಂದ ಎರವಲು ಪಡೆದದ್ದು, ಹೆಸರು ಎಟಿಎಸ್-6. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಒಂದೊಂದು ಟಿ.ವಿ., ತಂತಿ ಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಆಂಟೆನಾ. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು; ಅಲ್ಲಿನ ಹಳ್ಳಿಗಳಿಗೆ ಕನ್ನಡದಲ್ಲಿ ಕಾರ್ಯಕ್ರಮ ಬರುತ್ತಿತ್ತು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನವರಿಗೆ. ವಿಕ್ರಮ್ ಸಾರಾಭಾಯ್ ಕಂಡ ಕನಸು ಅದು. ಅವರು ತೀರಿಕೊಂಡ ಸುಮಾರು ನಾಲ್ಕು ವರ್ಷಗಳ ನಂತರ ಯಶ್ ಪಾಲ್ ಮತ್ತು ಅವರ ಸಹೋದ್ಯೋಗಿಗಳ ಕೈಯಲ್ಲಿ ನನಸಾಯಿತು.

ಸೈಟ್ ತನ್ನನ್ನು ಪ್ರಯೋಗ ಎಂದೇ ಕರೆದುಕೊಂಡಿತು, ಪ್ರಯೋಗದಂತೆಯೇ ನಡೆದುಕೊಂಡಿತು. ಅವಧಿ ಒಂದು ವರ್ಷ ಎಂದು ಮೊದಲೇ ನಿಗದಿಯಾಗಿತ್ತು. ಇದು ಏನು ಬದಲಾವಣೆ ತಂದಿತು ಎಂದು ಅಳೆಯಲು ಸಮಾಜ ವಿಜ್ಞಾನಿಗಳ ತಂಡವನ್ನೇ ಕಟ್ಟಲಾಗಿತ್ತು. ಮಾನವಶಾಸ್ತ್ರಜ್ಞರು ತಿಂಗಳುಗಟ್ಟಲೆ ಹಳ್ಳಿಗಳಲ್ಲೇ ಉಳಿದು, ಟಿ.ವಿ. ಮುಂದೆ ಯಾರು ಕೂರುತ್ತಾರೆ, ಯಾರು ಎದ್ದು ಹೋಗುತ್ತಾರೆ, ಏನು ಮಾತಾಡಿಕೊಳ್ಳುತ್ತಾರೆ ಎಂದು ಬರೆದುಕೊಂಡರು. ಮಕ್ಕಳಿಗಷ್ಟೇ ಅಲ್ಲದೆ ಸುಮಾರು 50 ಸಾವಿರ ಶಿಕ್ಷಕರಿಗೂ ವಿಜ್ಞಾನ, ಗಣಿತ ಬೋಧನೆಯ ತರಬೇತಿ ಈ ಮೂಲಕ ಸಿಕ್ಕಿತು. 1976ರ ಜುಲೈ 31ರಂದು ಪ್ರಯೋಗ ಮುಗಿಯಿತು. ಎರವಲು ತಂದ ಉಪಗ್ರಹ ಹಿಂದಿರುಗಿತು, ತರಬೇತಿ ಪಡೆದ ಶಿಕ್ಷಕರು ಉಳಿದರು. ಐವತ್ತು ವರ್ಷದ ಹಿಂದೆ, ಇಂದಿನ ಅನುಕೂಲಗಳು ಯಾವುವೂ ಇಲ್ಲದ ಕಾಲದಲ್ಲಿ, ನಮ್ಮ ವಿಜ್ಞಾನಿಗಳಿಗೆ ಮೊದಲು ಅಳೆಯೋಣ, ಆಮೇಲೆ ಹೇಳೋಣ ಎಂಬ ಸಂಯಮ ಇತ್ತು. ಇಂದು ಕೋಟಿಗಟ್ಟಲೆ ಮಕ್ಕಳ ಕೈಗೆ ಹೊಸ ಯಂತ್ರ ಬಂದಾಗ ನಾವು ಅಷ್ಟನ್ನೂ ಕೇಳುತ್ತಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಯಂತ್ರ ಹಿಂದಿರುಗುವ ಮಾತು ಬಂದಾಗ ಇನ್ನೆರಡು ಘಟನೆ ನೆನಪಾಗುತ್ತವೆ. 2024ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಶಾಲಾ ಆಡಳಿತ ಎಡ್ ಎಂಬ ಎಐ ಸಹಾಯಕವನ್ನು ಬಹಳ ಸಂಭ್ರಮದಿಂದ ಬಿಡುಗಡೆ ಮಾಡಿತು. ಜೂನ್ ಹೊತ್ತಿಗೆ ಅದನ್ನು ತಯಾರಿಸಿದ ಕಂಪನಿಯೇ ಕುಸಿಯಿತು. 2022ರಲ್ಲಿ 22 ಶತಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಬೆಂಗಳೂರಿನ ಆನ್‌ಲೈನ್ ಪಾಠದ ಕಂಪನಿ ಬೈಜೂಸ್ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಯ ಕಟಕಟೆ ಹತ್ತಿತು. ಶಾಲೆಯೊಂದರ ಆಯುಸ್ಸು ನೂರು ವರ್ಷ. ಹೂಡಿಕೆದಾರರ ಸಹನೆ ಅಷ್ಟು ದೀರ್ಘವಲ್ಲ.

ಈಗ ಯಂತ್ರದ ಒಳಕ್ಕೆ ಇಣುಕೋಣ. ಇಷ್ಟು ಸೊಗಸಾಗಿ ಮಾತಾಡುವ ಯಂತ್ರ ತಪ್ಪನ್ನು ಯಾಕೆ ಅಷ್ಟೇ ಸೊಗಸಾಗಿ ಹೇಳುತ್ತದೆ? ಚಾಟ್‌ಜಿಪಿಟಿಯಂಥ ಭಾಷಾ ಮಾದರಿಗಳಿಗೆ ಬುನಾದಿಯಾದ ಟ್ರಾನ್ಸ್‌ಫಾರ್ಮರ್ ಎಂಬ ವಿನ್ಯಾಸವನ್ನು ಗೂಗಲ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದರು. ಕೋಟ್ಯಂತರ ಪುಟಗಳ ಬರಹವನ್ನು ಉಣಿಸಿ, ಇಷ್ಟು ಪದಗಳ ನಂತರ ಯಾವ ಪದ ಬರುವ ಸಾಧ್ಯತೆ ಹೆಚ್ಚು ಎಂದು ಊಹಿಸುವಂತೆ ಮಾದರಿಯನ್ನು ಪಳಗಿಸುತ್ತಾರೆ. ಊಹೆ ತಪ್ಪಾದಾಗಲೆಲ್ಲ ಒಳಗಿನ ಸಂಖ್ಯೆಗಳನ್ನು ತುಸು ತಿದ್ದುತ್ತಾರೆ. 2020ರ ಜಿಪಿಟಿ-3ರಲ್ಲಿ ಇಂಥ ಸಂಖ್ಯೆಗಳು 17,500 ಕೋಟಿ ಇದ್ದವು. ಆಮೇಲೆ ಮನುಷ್ಯರು ಮೆಚ್ಚುವ ಉತ್ತರ ಯಾವುದು ಎಂದು ಮತ್ತೊಂದು ಸುತ್ತು ತರಬೇತಿ. ಇದರಿಂದ ಹೊರಬರುವ ಸಾಮರ್ಥ್ಯ ನಿಜಕ್ಕೂ ದೊಡ್ಡದು. ಅದನ್ನು ಕಡೆಗಣಿಸುವವರು ವಿಜ್ಞಾನಕ್ಕೆ ನ್ಯಾಯ ಮಾಡುವುದಿಲ್ಲ. ಆದರೆ ಮೂಲ ತರಬೇತಿಯ ಗುರಿ ಸಂಭವನೀಯ ಪದವೇ ಹೊರತು ಸತ್ಯವಲ್ಲ. ಹೆಚ್ಚು ಬರಹ ಸಿಕ್ಕ ವಿಷಯದಲ್ಲಿ ಸಂಭವನೀಯವೂ ಸತ್ಯವೂ ಬಹುಮಟ್ಟಿಗೆ ಒಂದೇ ಆಗಿರುತ್ತವೆ. ಬರಹ ವಿರಳವಾದ ಕಡೆ ಅವೆರಡೂ ಬೇರೆ ದಾರಿ ಹಿಡಿಯುತ್ತವೆ, ವಾಕ್ಯದ ನಯ ಮಾತ್ರ ಹಾಗೆಯೇ ಇರುತ್ತದೆ.

ಕನ್ನಡ ಆ ವಿರಳ ಪ್ರದೇಶದಲ್ಲಿದೆ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4.37 ಕೋಟಿ. ಆದರೆ ಜಾಲಪುಟಗಳ ಒಟ್ಟು ಬರಹದಲ್ಲಿ ನಮ್ಮ ಪಾಲು ಶೇಕಡಾ ಒಂದರ ಹತ್ತನೇ ಒಂದು ಭಾಗವೂ ಇಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸುಮಾರು 70 ಲಕ್ಷ ಲೇಖನಗಳಿವೆ, ಕನ್ನಡದಲ್ಲಿ 30 ಸಾವಿರದ ಆಸುಪಾಸು. ಲಿಪಿಯ ಕಷ್ಟ ಇನ್ನೊಂದು. ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ನಮ್ಮ ಭಾಷೆಯ ಹೆಸರನ್ನೇ ತೆಗೆದುಕೊಳ್ಳಿ: ಇಂಗ್ಲಿಷ್ ಲಿಪಿಯಲ್ಲಿ 7 ಬೈಟ್, ಕನ್ನಡ ಲಿಪಿಯಲ್ಲಿ 15. ಇಂಗ್ಲಿಷಿಗೆಂದೇ ಹೊಂದಿಸಿದ ಹಳೆಯ ಮಾದರಿಗಳು ಕನ್ನಡ ಪದವನ್ನು ಅರ್ಥವಿಲ್ಲದ ಚೂರುಗಳಾಗಿ ಒಡೆದು ಓದುತ್ತಿದ್ದವು. ಚೂರು ಹೆಚ್ಚಾದಷ್ಟೂ ವೆಚ್ಚ ಹೆಚ್ಚು, ನಿಧಾನ ಹೆಚ್ಚು, ತಪ್ಪೂ ಹೆಚ್ಚು. 2024ರಲ್ಲಿ ಬಂದ ಜಿಪಿಟಿ-4ಒ ಮಾದರಿಯಲ್ಲಿ ನೆರೆಯ ತೆಲುಗಿನ ಚೂರುಗಳು ಮೂರೂವರೆ ಪಟ್ಟು ಇಳಿದವು ಎಂದು ತಯಾರಕರೇ ಹೇಳಿದರು. ಸುಧಾರಣೆ ನಡೆಯುತ್ತಿದೆ, ಒಪ್ಪೋಣ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ, ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ ನಮ್ಮ ಭಾಷೆಗಳಿಗಾಗಿ ದುಡಿಯುತ್ತಿವೆ. ಆದರೂ ಇಂಗ್ಲಿಷಿನಲ್ಲಿ ಪರೀಕ್ಷಿಸಿ ಪಡೆದ ಫಲಿತಾಂಶವನ್ನು ತೋರಿಸಿ, ಅದೇ ಗುಣಮಟ್ಟ ಸುರಪುರದ ಸರ್ಕಾರಿ ಶಾಲೆಯ ಏಳನೇ ತರಗತಿಯ ಹುಡುಗಿಗೂ ಸಿಗುತ್ತದೆ ಎಂದು ಹೇಳುವವರನ್ನು ನಂಬಲು ಯಾವ ಆಧಾರವೂ ಇಲ್ಲ. ಯಂತ್ರ ಎಡವಿದ್ದನ್ನು ಗುರುತಿಸಬೇಕಾದರೆ ವಿಷಯ ಮೊದಲೇ ಗೊತ್ತಿರಬೇಕು. ಆ ಹುಡುಗಿ ಪ್ರಶ್ನೆ ಕೇಳಿದ್ದೇ ವಿಷಯ ಗೊತ್ತಿಲ್ಲದ್ದರಿಂದ. ಶಿಕ್ಷಕರು ಇದೇ ಯಂತ್ರದಿಂದ ಪ್ರಶ್ನೆಪತ್ರಿಕೆಯ ಕರಡು ಮಾಡಿಸಿಕೊಂಡರೆ ಅಷ್ಟು ಅಪಾಯವಿಲ್ಲ, ಅವರಿಗೆ ತಪ್ಪು ಕಾಣುತ್ತದೆ. ಒಂದೇ ಉಪಕರಣ ಬಲ್ಲವರ ಕೈಯಲ್ಲಿ ನೆರವು, ಕಲಿಯುವವರ ಕೈಯಲ್ಲಿ ತೊಡಕು.

ಯಂತ್ರ ಬರೆದದ್ದನ್ನು ಹಿಡಿಯಲು ಇನ್ನೊಂದು ಯಂತ್ರ ಎಂಬ ಭರವಸೆಯೂ ಮಾರುಕಟ್ಟೆಯಲ್ಲಿದೆ. ಇದರಿಂದ ನಮ್ಮ ಮಕ್ಕಳಿಗೆ ಆಗುವ ಅನ್ಯಾಯ ನೇರವಾದದ್ದು. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಏಳು ಪತ್ತೆ ಸಾಧನಗಳಿಗೆ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು ಕೊಟ್ಟು ನೋಡಿದರು. ಎಲ್ಲವೂ ಇಂಗ್ಲಿಷ್ ತಾಯ್ನುಡಿಯಲ್ಲದ ವಿದ್ಯಾರ್ಥಿಗಳು ಸ್ವಂತ ಕೈಯಿಂದ ಬರೆದವು. ಸಾಧನಗಳು ಸರಾಸರಿ ಶೇ 61ರಷ್ಟು ಪ್ರಬಂಧಗಳನ್ನು ಯಂತ್ರ ಬರೆದದ್ದೆಂದು ತೀರ್ಪು ಕೊಟ್ಟವು. ಅಮೆರಿಕದ ಎಂಟನೇ ತರಗತಿಯ ಮಕ್ಕಳ ಪ್ರಬಂಧಗಳಲ್ಲಿ ಇಂಥ ತಪ್ಪು ಬಹಳ ಕಡಿಮೆ. ಕಾರಣ ಸರಳ: ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿತವರು ಪರಿಚಿತ ಪದ, ನೇರ ವಾಕ್ಯ ಬಳಸುತ್ತಾರೆ, ಸುಲಭವಾಗಿ ಊಹಿಸಬಹುದಾದ ಬರಹವೆಲ್ಲ ಯಂತ್ರದ್ದು ಎಂದು ಸಾಧನ ಭಾವಿಸುತ್ತದೆ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಕಡಿಮೆ ಎಂಬ ಕಾರಣಕ್ಕೆ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಕನ್ನಡ ಮಾಧ್ಯಮದಲ್ಲಿ ಓದಿ, ಕಷ್ಟಪಟ್ಟು ಇಂಗ್ಲಿಷ್ ರೂಢಿಸಿಕೊಂಡು ಕಾಲೇಜಿಗೆ ಬಂದ ಹುಡುಗನ ಪ್ರಬಂಧವನ್ನು ಇಂಥ ಸಾಧನದ ಮಾತು ನಂಬಿ ಕಳ್ಳಮಾಲು ಎನ್ನುವುದು ಕ್ರೌರ್ಯ.

ತರಗತಿಯ ಆಚೆಗೂ ಇದೇ ಕಥೆ. 2020ರಲ್ಲಿ ಕೋವಿಡ್‌ನಿಂದ ಇಂಗ್ಲೆಂಡಿನಲ್ಲಿ ಶಾಲಾ ಹಂತದ ಕೊನೆಯ ಎ-ಲೆವೆಲ್ ಪರೀಕ್ಷೆ ನಡೆಯಲಿಲ್ಲ. ಶಿಕ್ಷಕರು ತಮ್ಮ ವಿದ್ಯಾರ್ಥಿಗಳಿಗೆ ಅಂದಾಜು ಶ್ರೇಣಿ ಕೊಟ್ಟರು. ಆಫ್‌ಕ್ವಾಲ್ ಎಂಬ ಪರೀಕ್ಷಾ ನಿಯಂತ್ರಣ ಸಂಸ್ಥೆ ಅದನ್ನು ಒಂದು ಗಣನ ಸೂತ್ರದ ಮೂಲಕ ಹಾಯಿಸಿತು. ಸೂತ್ರ ನೋಡಿದ್ದು ಮುಖ್ಯವಾಗಿ ಆ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶವನ್ನು. ಆಗಸ್ಟ್ 13ರಂದು ಫಲಿತಾಂಶ ಬಂದಾಗ ಶಿಕ್ಷಕರು ಅಂದಾಜಿಸಿದ ಶ್ರೇಣಿಗಳಲ್ಲಿ ಶೇ 39ರಷ್ಟು ಕೆಳಗಿಳಿದಿದ್ದವು. ಹಿಂದುಳಿದ ಶಾಲೆಯಲ್ಲಿ ಓದಿದ ಜಾಣ ಹುಡುಗಿಗೆ ಅವಳ ಶಾಲೆಯ ಇತಿಹಾಸವೇ ಅಡ್ಡ ಬಂತು. ಐದು ಅಥವಾ ಅದಕ್ಕಿಂತ ಕಡಿಮೆ ವಿದ್ಯಾರ್ಥಿಗಳಿದ್ದ ವಿಷಯಗಳಲ್ಲಿ ಶಿಕ್ಷಕರ ಅಂದಾಜನ್ನೇ ಉಳಿಸಿದ್ದರಿಂದ ಸಣ್ಣ ತರಗತಿಗಳಿರುವ ಖಾಸಗಿ ಶಾಲೆಗಳಿಗೆ ಲಾಭವಾಯಿತು. ಮಕ್ಕಳು ಬೀದಿಗಿಳಿದರು. ನಾಲ್ಕು ದಿನದಲ್ಲಿ ಸರ್ಕಾರ ಮಣಿದು ಶಿಕ್ಷಕರ ಅಂದಾಜಿಗೇ ಮರಳಿತು. ಆ ಸೂತ್ರ ಇಂದಿನ ಎಐಗಿಂತ ಎಷ್ಟೋ ಸರಳವಾದದ್ದು. ಹಾಗಾಗಿ ಹೊರಗಿನವರು ಬಿಡಿಸಿ ನೋಡಿ ದೋಷ ಎಲ್ಲಿದೆ ಎಂದು ತೋರಿಸಲು ಸಾಧ್ಯವಾಯಿತು. 17,500 ಕೋಟಿ ಸಂಖ್ಯೆಗಳ ಯಂತ್ರ ಕೊಟ್ಟ ಅಂಕವನ್ನು ಯಾವ ತಂದೆತಾಯಿ ಬಿಡಿಸಿ ನೋಡಬಲ್ಲರು? ಶಾಲೆಯಿಂದ ಹೊರಗೂ ಹೀಗೇ ಆಗಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ ತೆರಿಗೆ ಇಲಾಖೆ ಶಿಶುಪಾಲನಾ ಭತ್ಯೆಯ ವಂಚಕರನ್ನು ಹುಡುಕುವ ಭರದಲ್ಲಿ ಅಪಾಯ ಅಳೆಯುವ ತಂತ್ರಾಂಶವನ್ನು ಬಳಸಿತು. ಅದರಲ್ಲಿ ಪೌರತ್ವವೂ ಒಂದು ಅಂಶವಾಗಿತ್ತು. ಸಾವಿರಾರು ಕುಟುಂಬಗಳು ತಪ್ಪು ಮಾಡದೆ ಸಾಲದಲ್ಲಿ ಮುಳುಗಿದವು. 2021ರ ಜನವರಿಯಲ್ಲಿ ಆ ದೇಶದ ಸರ್ಕಾರವೇ ರಾಜೀನಾಮೆ ಕೊಡಬೇಕಾಯಿತು.

ಶಾಲಾಭಿವೃದ್ಧಿ ಸಮಿತಿಯಲ್ಲಿರುವವರು, ಪೋಷಕರು, ಶಿಕ್ಷಕರು ಈ ಪುಟ ಓದುತ್ತಿದ್ದರೆ ಅವರಲ್ಲಿ ಒಂದು ವಿನಂತಿ. ಎಐ ಉಪಕರಣ ಹೊತ್ತು ಯಾರಾದರೂ ನಿಮ್ಮ ಶಾಲೆಗೆ ಬಂದರೆ ಪ್ರದರ್ಶನ ನೋಡಿ ಚಪ್ಪಾಳೆ ತಟ್ಟುವ ಮೊದಲು ಕೇಳಿ: ಇದನ್ನು ತೆಗೆದಿಟ್ಟ ಮೇಲೆ ಮಕ್ಕಳನ್ನು ಪರೀಕ್ಷಿಸಿದ್ದೀರಾ, ಕನ್ನಡದಲ್ಲಿ ಪರೀಕ್ಷಿಸಿದ್ದೀರಾ, ಫಲಿತಾಂಶವನ್ನು ಕಂಪನಿಯ ಹೊರಗಿನವರು ಅಳೆದಿದ್ದಾರಾ, ಇದು ತಪ್ಪಿದಾಗ ನಮ್ಮ ಮಗು ಯಾರ ಬಳಿ ದೂರು ಕೊಡಬೇಕು? ಕಾಗದದ ಮೇಲೆ ಉತ್ತರ ಕೊಡಲಾಗದವರಿಗೆ ನಿಮ್ಮ ಮಕ್ಕಳ ವರ್ಷಗಳನ್ನು ಒಪ್ಪಿಸಬೇಡಿ. ಸರ್ಕಾರದಲ್ಲಿ ಕೂತವರಿಗೂ ಒಂದು ಮಾತು. 2024-25ರ ಅಂಕಿಅಂಶದಂತೆ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಾಲೆಗಳು ಒಬ್ಬರೇ ಶಿಕ್ಷಕರ ಮೇಲೆ ನಡೆಯುತ್ತಿವೆ, ಕರ್ನಾಟಕದಲ್ಲೇ ಇಂಥವು ಏಳು ಸಾವಿರಕ್ಕೂ ಹೆಚ್ಚು. ಮೊದಲು ಅಲ್ಲಿಗೆ ಎರಡನೇ ಶಿಕ್ಷಕರನ್ನು ಕಳಿಸಿ.